ಅಕ್ಕನ ಜೊತೆ ಬೇಗಂ ರೊಕೆಯಾ ಊರುಗಳಿಗೆ: ಏಳು ದಿನದ ಓಡಾಟ

ಮೊದಲ ದಿನ

ಸಂಕ್ರಾಂತಿ ಮುಗಿಸಿ ಹೊರಟೆವು. ಹಾವೇರಿಯಿಂದ ಬೆಂಗಳೂರು, ಅಲ್ಲಿಂದ ಹೌರಾ ರೈಲು. ಅಕ್ಕನಿಗೆ 68, ನನಗೆ 61. ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಹೋದ ವರ್ಷ ನಿವೃತ್ತಿಯಾದೆ. ಅಕ್ಕ ಐದನೇ ಇಯತ್ತೆಗೇ ಶಾಲೆ ಬಿಟ್ಟವಳು. ಬಿಟ್ಟವಳು ಅನ್ನುವುದು ತಪ್ಪು, ಬಿಡಿಸಿದ್ದು. ಮುಂದಿನ ಶಾಲೆ ಮೂರು ಮೈಲಿ ದೂರದ ಊರಿನಲ್ಲಿತ್ತು. ಹೆಣ್ಣು ಹುಡುಗಿ ಅಷ್ಟು ದೂರ ಹೇಗೆ ಹೋಗಬೇಕು, ಯಾರು ಕರೆದುಕೊಂಡು ಹೋಗಬೇಕು ಅಂತ ಮನೆಯಲ್ಲಿ ಎರಡು ದಿನ ಮಾತಾಯಿತು. ಮೂರನೇ ದಿನ ಅವಳ ಪಾಟಿಚೀಲ ನನ್ನ ಹೆಗಲಿಗೆ ಬಂತು. ಅದೇ ಪಾಟಿಯ ಮೇಲೆ ಕೈ ಹಿಡಿದು ಅ ಆ ತಿದ್ದಿಸಿದವಳು ಅಕ್ಕನೇ.

ಅದಕ್ಕೇ ಈ ಪ್ರವಾಸಕ್ಕೆ ಅಕ್ಕ ಬೇಕಾಗಿತ್ತು. ಬೇಗಂ ರೊಕೆಯಾ ಅಂದರೆ ನೂರು ವರ್ಷದ ಹಿಂದೆ ಹೆಣ್ಣುಮಕ್ಕಳಿಗಾಗಿ ಶಾಲೆ ಕಟ್ಟಿದ ಬಂಗಾಳಿ ಲೇಖಕಿ. ಅವರ ಬಗ್ಗೆ ನಾನು ಮೊದಲು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಅಕ್ಕನ ಕಥೆ.

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿಕೊಂಡು ಕೂತಾಗ ಅಕ್ಕ ಕೇಳಿದಳು, "ಈಗರೆ ಹೇಳು, ಯಾರ ಊರಿಗೆ ಹೊಂಟೇವಿ ನಾವು?"

ಹೇಳಿದೆ. 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗ್‌ಪುರ ಜಿಲ್ಲೆಯ ಪೈರಾಬಂದ್ ಅನ್ನುವ ಹಳ್ಳಿಯಲ್ಲಿ ಹುಟ್ಟಿದವರು. ಜಮೀನ್ದಾರರ ಮನೆ. ಅಪ್ಪನಿಗೆ ಹಲವು ಭಾಷೆ ಬರುತ್ತಿತ್ತು. ಗಂಡುಮಕ್ಕಳನ್ನು ಕಲಕತ್ತೆಗೆ ಕಳಿಸಿ ಇಂಗ್ಲಿಷ್ ಓದಿಸಿದರು. ಹೆಣ್ಣುಮಕ್ಕಳಿಗೆ ಮಾತ್ರ ಕುರ್‌ಆನ್ ಪಠಣ, ಒಂದಿಷ್ಟು ಉರ್ದು, ಅಷ್ಟೇ. ಊರೆಲ್ಲ ಆಡುವ ಬಂಗಾಳಿಯನ್ನೇ ಓದುವ ಹಾಗಿಲ್ಲ. ಐದು ವರ್ಷ ತುಂಬಿದ್ದೇ ಪರದೆ ಶುರು. ಗಂಡಸರಿಂದ ಮಾತ್ರ ಅಲ್ಲ, ಹೊರಗಿನ ಹೆಂಗಸರು ಬಂದರೂ ಪುಟ್ಟ ರೊಕೆಯಾ ಓಡಿಹೋಗಿ ಬಚ್ಚಿಟ್ಟುಕೊಳ್ಳಬೇಕಾಗಿತ್ತು. ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ.

ರೊಕೆಯಾರ ಅಕ್ಕ ಕರೀಮುನ್ನೀಸಾ ಅದಕ್ಕೂ ಮೊದಲೇ ಕದ್ದು ಬಂಗಾಳಿ ಕಲಿತಿದ್ದರು. ಅದು ಗೊತ್ತಾದ ಮೇಲೆ ನೆಂಟರು ಆಡಿಕೊಂಡರು. ಪುಸ್ತಕ ಕೈತಪ್ಪಿತು. ಹದಿನೈದು ತುಂಬುವ ಮೊದಲೇ ಮದುವೆಯೂ ಆಗಿಹೋಯಿತು. ಆದರೂ ಆಕೆ ಕವಿತೆ ಬರೆಯುವುದನ್ನು ಬಿಡಲಿಲ್ಲ, ತಂಗಿಗೆ ಬಂಗಾಳಿ ಅಕ್ಷರ ಕಲಿಸುವುದನ್ನೂ ಬಿಡಲಿಲ್ಲ. ಅಣ್ಣ ಇಬ್ರಾಹಿಂ ಸಾಬೇರ್ ಇಂಗ್ಲಿಷ್ ಹೇಳಿಕೊಟ್ಟ. ಅದೂ ರಾತ್ರಿ, ಅಪ್ಪ ಮಲಗಿದ ಮೇಲೆ, ಮೇಣದಬತ್ತಿ ಹಚ್ಚಿಕೊಂಡು.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಕಿಟಕಿ ಕಡೆ ನೋಡುತ್ತಾ ಕೂತಳು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ನಾನೂ ಸುಮ್ನೆ ಕೂತೆ.

ಪೈರಾಬಂದ್‌ಗೆ ನಾವು ಹೋಗುವುದಿಲ್ಲ. ಪಾಸ್‌ಪೋರ್ಟ್, ವೀಸಾ ಅಂತ ಅಕ್ಕನ ಮಂಡಿನೋವಿನ ಜೊತೆ ಅದಾಗದ ಮಾತು. ಹುಟ್ಟಿದ ಮನೆಯ ಮುರುಕು ಗೋಡೆಗಳನ್ನು, ಪಕ್ಕದ ಸ್ಮಾರಕ ಕೇಂದ್ರವನ್ನು ಫೋಟೋದಲ್ಲೇ ತೋರಿಸಿದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9 ಅಂದರೆ ರೊಕೆಯಾ ದಿನ. ನಮ್ಮ ಕಡೆ ಅವರ ಹೆಸರು ಕೇಳಿದವರೇ ಕಡಿಮೆ. ನನಗೆ ಇದು ಬೇಜಾರಿನ ವಿಷಯ.

ಎರಡನೇ ದಿನ

ಇಡೀ ದಿನ ರೈಲು. ಒಡಿಶಾ ದಾಟುವಷ್ಟರಲ್ಲಿ ಮಧ್ಯಾಹ್ನ. ಹೌರಾ ಮುಟ್ಟಿದಾಗ ಕತ್ತಲಾಗಿತ್ತು.

ಆ ಪ್ಲಾಟ್‌ಫಾರಂ ಜನಸಂದಣಿಯಲ್ಲಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ರೊಕೆಯಾ ತಮ್ಮ ಕಡೆಯ ದಿನಗಳಲ್ಲಿ, 1931ರಲ್ಲಿ, 'ಅವರೋಧ್‌ಬಾಸಿನಿ' ಅಂತ ಒಂದು ಸಣ್ಣ ಪುಸ್ತಕ ತಂದರು. ಪರದೆಯೊಳಗೆ ಬದುಕಿದ ಹೆಂಗಸರ 47 ಘಟನೆಗಳು. ಒಂದೊಂದೂ ಅರ್ಧ ಪುಟ, ಒಂದು ಪುಟ. ಅದರಲ್ಲಿ ಕಲಕತ್ತೆಯ ರೈಲ್ವೆ ಸ್ಟೇಷನ್ನಿನದೊಂದು ಘಟನೆಯಿದೆ. ಹಜ್‌ಗೆ ಹೊರಟ ಇಪ್ಪತ್ತು ಇಪ್ಪತ್ತೈದು ದೊಡ್ಡಮನೆ ಹೆಂಗಸರು. ಜೊತೆಗಿದ್ದ ಗಂಡಸರು ಏನೋ ಕೆಲಸಕ್ಕೆ ಹೋದರು. ಕಾವಲಿಗಿದ್ದ ಹಾಜಿ ಸಾಹೇಬರಿಗೆ ಹೆದರಿಕೆ. ಬುರ್ಖಾ ಹಾಕಿಕೊಂಡವರನ್ನೆಲ್ಲ ಪ್ಲಾಟ್‌ಫಾರಂ ಮೇಲೆ ಒತ್ತಾಗಿ ಕೂರಿಸಿ, ಮೇಲೆ ಒಂದು ದಪ್ಪ ಜಮಖಾನೆ ಹೊದಿಸಿಬಿಟ್ಟರು. ಗಂಟೆಗಟ್ಟಲೆ ಹಾಗೇ ಕೂತಿದ್ದಾರೆ. ರೈಲ್ವೆಯವನೊಬ್ಬ ಬಂದು, ನಿಮ್ಮ ಸಾಮಾನು ದಾರಿಗೆ ಅಡ್ಡ ಇದೆ, ತೆಗೀರಿ ಅಂತ ಬೂಟುಗಾಲಿನಲ್ಲಿ ಆ ಮೂಟೆಯನ್ನು ಒದೆಯುತ್ತಾನೆ. ಒಳಗಿನಿಂದ ಒಂದು ಉಸಿರೂ ಹೊರಬರುವುದಿಲ್ಲ.

ಹೌರಾದಲ್ಲಿ ಮೂಟೆಗಳ ಸಾಲು ಈಗಲೂ ಇದೆ. ತಲೆ ಮೇಲೆ ಹೊತ್ತು ಓಡುವ ಕೆಂಪಂಗಿಯ ಕೂಲಿಗಳೂ ಇದ್ದಾರೆ. ನಾನು ಪ್ರತಿ ಮೂಟೆಯನ್ನೂ ಎರಡೆರಡು ಸಲ ನೋಡಿದೆ.

ಮೂರನೇ ದಿನ

ಬೆಳಿಗ್ಗೆ ಲಾರ್ಡ್ ಸಿನ್ಹಾ ರಸ್ತೆಗೆ ಹೋದೆವು. ಸಖಾವತ್ ಮೆಮೋರಿಯಲ್ ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲ್. ರೊಕೆಯಾ ಗಂಡನ ಹೆಸರಿನಲ್ಲಿ ಕಟ್ಟಿದ ಶಾಲೆ, ನೂರು ವರ್ಷ ದಾಟಿ ಇನ್ನೂ ನಡೆಯುತ್ತಿದೆ. ನಾವು ಒಳಗೆ ಹೋಗುವ ಪ್ರಯತ್ನ ಮಾಡಲಿಲ್ಲ. ಗೇಟಿನ ಎದುರಿನ ಫುಟ್‌ಪಾತಿನಲ್ಲಿ ನಿಂತು, ಶಾಲೆ ತುಂಬುವುದನ್ನು ನೋಡಿದೆವು. 34 ವರ್ಷ ಟೀಚರಾಗಿದ್ದವಳಿಗೆ ಅದಕ್ಕಿಂತ ಚಂದದ ನೋಟ ಇಲ್ಲ. ನಡೆದು ಬಂದವರು, ಅಪ್ಪನ ಸ್ಕೂಟರಿನಿಂದ ಇಳಿದವರು, ವ್ಯಾನಿನಿಂದ ಒಬ್ಬೊಬ್ಬರಾಗಿ ಧುಮುಕಿದವರು. ಒಬ್ಬಳು ಎರಡು ಜಡೆಯಲ್ಲಿ ಒಂದರ ರಿಬ್ಬನ್ ಬಿಚ್ಚಿಹೋಗಿದ್ದನ್ನು ಗೇಟಿನ ಕಂಬಿಗೆ ಒರಗಿ ಕಟ್ಟಿಕೊಳ್ಳುತ್ತಿದ್ದಳು. ಬಾಯಲ್ಲಿ ರಿಬ್ಬನ್ನಿನ ತುದಿ, ಕಣ್ಣು ಗಂಟೆ ಹೊಡೆಯುವವನ ಮೇಲೆ. ಹೊಡೆದದ್ದೇ ತಡ, ಅರ್ಧ ಕಟ್ಟಿಕೊಂಡು ಓಡಿದಳು.

ಅಲ್ಲಿ ನಿಂತೇ ಅಕ್ಕನಿಗೆ ಬಸ್ಸಿನ ಕಥೆ ಹೇಳಿದೆ. ನನಗಂತೂ ರೊಕೆಯಾರ ಇಡೀ ಬದುಕು ಆ ಬಸ್ಸಿನಲ್ಲಿದೆ ಅನಿಸುತ್ತದೆ.

ಕಲಕತ್ತೆಯಲ್ಲಿ ಶಾಲೆ ಶುರುವಾಗಿದ್ದು 1911ರ ಮಾರ್ಚ್ 16ರಂದು, ವಲಿಯುಲ್ಲಾ ಲೇನಿನ 13ನೇ ನಂಬರ್ ಮನೆಯಲ್ಲಿ. ಎಂಟು ಹುಡುಗಿಯರು. ರೊಕೆಯಾ ಸ್ವತಃ ಒಂದು ದಿನವೂ ಶಾಲೆಗೆ ಹೋದವರಲ್ಲ. ಒಬ್ಬ ಟೀಚರ್ ಒಂದೇ ಹೊತ್ತಿಗೆ ಐದು ಮಕ್ಕಳಿಗೆ ಹೇಗೆ ಪಾಠ ಹೇಳುತ್ತಾರೆ ಅಂತ ಮೊದಲು ಆಶ್ಚರ್ಯಪಟ್ಟಿದ್ದರಂತೆ. ಬೇರೆ ಶಾಲೆಗಳಿಗೆ ಹೋಗಿ, ಕೂತು, ನೋಡಿ ಕಲಿತರು. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕೊಡಿ ಅಂತ ಕೇಳಿದರು. ಪರದೆ ಬಗ್ಗೆ ಅಷ್ಟು ಕಟುವಾಗಿ ಬರೆದವರು, ಆ ಮನೆಗಳಿಗೆ ಹೋಗುವಾಗ ತಾವೇ ಬುರ್ಖಾ ಹಾಕಿಕೊಂಡು ಹೋಗುತ್ತಿದ್ದರು. ಇಲ್ಲದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ಇದನ್ನು ರಾಜಿ ಅಂತ ಕೆಲವರು ಎತ್ತಿ ಆಡುತ್ತಾರೆ. ಜೂನ್ ತಿಂಗಳಲ್ಲಿ ದಾಖಲಾತಿ ಆಂದೋಲನ ಅಂತ ಬಾಗಿಲು ಬಾಗಿಲಿಗೆ ಹೋದವರು ಯಾರೂ ಹಾಗೆ ಅನ್ನುವುದಿಲ್ಲ. ಹುಡುಗಿಯ ಹೆಸರು ರಿಜಿಸ್ಟರಿಗೆ ಬೀಳುವುದು ಮುಖ್ಯ. ಅಲ್ವಾ?

ಹೆಸರು ಬಿದ್ದರೂ ಮುಗಿಯಲಿಲ್ಲ. ಹುಡುಗಿಯನ್ನು ಮನೆಯಿಂದ ಶಾಲೆಗೆ ತರಬೇಕಲ್ಲ. ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ಕೊನೆಗೆ ಮೋಟಾರ್ ಬಸ್ಸು ಬಂತು. ಸುತ್ತಲೂ ಮುಚ್ಚಿದ್ದು. ಮೇಲೆ ಒಂದಿಷ್ಟು ಜಾಲರಿ ಬಿಟ್ಟರೆ ಗಾಳಿಯಿಲ್ಲ, ಬೆಳಕಿಲ್ಲ. ಮೊದಲ ದಿನವೇ ಮಕ್ಕಳು ಆ ಕತ್ತಲಿಗೆ ಹೆದರಿ ಅತ್ತರು. ವಾಂತಿ ಮಾಡಿಕೊಂಡರು. ಕೆಲವರು ಎಚ್ಚರ ತಪ್ಪಿದರು. ಬಸ್ಸು ನೋಡಿದವರೊಬ್ಬರು ಅದನ್ನು 'ಓಡಾಡುವ ಬ್ಲ್ಯಾಕ್ ಹೋಲ್' ಅಂದರು. ಕಲಕತ್ತೆಯವರಿಗೆ ಆ ಮಾತು ಬೇಗ ಅರ್ಥವಾಗುತ್ತದೆ. 1756ರಲ್ಲಿ ಅಲ್ಲಿನ ಕೋಟೆಯ ಕಿರುಕೋಣೆಯಲ್ಲಿ ಸೆರೆಯಾಳುಗಳು ಉಸಿರುಕಟ್ಟಿ ಸತ್ತ ಕಥೆಯ ಹೆಸರು ಅದು.

ರೊಕೆಯಾ ಬಸ್ಸಿನ ಪಕ್ಕದ ಹಲಗೆ ತೆಗೆಸಿ ಪರದೆ ಬಟ್ಟೆ ಕಟ್ಟಿಸಿದರು. ಕೂಡಲೇ ಕಾಗದಗಳು ಬಂದವು. ಗಾಳಿಗೆ ಪರದೆ ಹಾರುತ್ತದೆ, ಒಳಗಿನ ಹುಡುಗಿಯರು ಕಾಣುತ್ತಾರೆ, ನಾಳೆಯೊಳಗೆ ಸರಿಮಾಡದಿದ್ದರೆ ಪತ್ರಿಕೆಗಳಲ್ಲಿ ಬರೆಯುತ್ತೇವೆ, ಹುಡುಗಿಯರನ್ನು ಕಳಿಸುವುದನ್ನು ನಿಲ್ಲಿಸುತ್ತೇವೆ. ಬರೆದವರಲ್ಲಿ ಒಬ್ಬರು ತಮ್ಮನ್ನು ಸಹೋದರ ಅಂತ ಕರೆದುಕೊಂಡಿದ್ದರು. ಮುಚ್ಚಿದರೆ ಮಕ್ಕಳ ಉಸಿರು ಕಟ್ಟುತ್ತದೆ, ತೆರೆದರೆ ಶಾಲೆಯ ಉಸಿರು. ಅತ್ತ ದರಿ ಇತ್ತ ಪುಲಿ.

ಅಕ್ಕ ಕೇಳಿದಳು, "ಮುಂದೆ ಏನ್ ಮಾಡಿದ್ಲು?"

ಶಾಲೆ ನಿಲ್ಲಿಸಲಿಲ್ಲ. ಅಷ್ಟೇ ಉತ್ತರ. ಎಂಟು ಇದ್ದ ಹುಡುಗಿಯರು 1915ರ ಹೊತ್ತಿಗೆ 84 ಆದರು. ಮನೆ ಸಾಲದೆ ಶಾಲೆ ಲೋಯರ್ ಸರ್ಕ್ಯುಲರ್ ರಸ್ತೆಗೆ ಹೋಯಿತು, ಈಗಿನ ಎ.ಜೆ.ಸಿ. ಬೋಸ್ ರಸ್ತೆ. ಅವರು ಸಾಯುವ ಹೊತ್ತಿಗೆ ಅದು ಹೈಸ್ಕೂಲ್ ಆಗಿತ್ತು.

"ಮೂರು ಮೈಲಿ," ಅಂದಳು ಅಕ್ಕ. "ನನಗೂ ಒಂದು ಬಂಡಿ ಇದ್ದಿದ್ರ ಆಗ್ತಿತ್ತು."

ನಮ್ಮಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಪಕ್ಕದ ಹಳ್ಳಿಯಿಂದ ಹುಡುಗಿಯರು ಸಾಲಾಗಿ ಸೈಕಲ್ ಹೊಡೆದುಕೊಂಡು ಬಂದು ನಮ್ಮ ಶಾಲೆಯ ಬೇವಿನ ಮರದ ಕೆಳಗೆ ನಿಲ್ಲಿಸಿದ ಆ ಮೊದಲ ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ ನಾನು ಅತ್ತಿದ್ದೆ. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ. ಲಾರ್ಡ್ ಸಿನ್ಹಾ ರಸ್ತೆಯ ಫುಟ್‌ಪಾತಿನಲ್ಲಿ ಅಕ್ಕನಿಗೆ ಹೇಳಿದೆ.

ಮಧ್ಯಾಹ್ನ ವಲಿಯುಲ್ಲಾ ಲೇನ್ ಹುಡುಕಿದೆವು. ರಫಿ ಅಹ್ಮದ್ ಕಿದ್ವಾಯಿ ರಸ್ತೆಯ ಕಡೆಯ ಇಕ್ಕಟ್ಟು ಗಲ್ಲಿ. ಬೇಕರಿಯ ವಾಸನೆ, ತಲೆ ಮೇಲೆ ವೈರುಗಳ ಬಲೆ, ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುವ ಹೆಂಗಸರು. ಶಾಲೆಯ ಗುರುತು ನಮಗೇನೂ ಸಿಗಲಿಲ್ಲ. ಆದರೆ ಮಹಡಿಯೊಂದರಿಂದ ಯಾವುದೋ ಮಗು ಮಗ್ಗಿ ಒಪ್ಪಿಸುವುದು ಕೇಳಿಸಿತು. ಭಾಷೆ ತಿಳಿಯದಿದ್ದರೂ ಮಗ್ಗಿಯ ರಾಗ ತಿಳಿಯುತ್ತದೆ.

ನಾಲ್ಕನೇ ದಿನ

ಸಿಯಾಲ್ದಾದಿಂದ ಲೋಕಲ್ ಟ್ರೇನಿನಲ್ಲಿ ಸೋದೆಪುರ, ಅರ್ಧ ಗಂಟೆ ದಾರಿ. ಹೆಂಗಸರ ಡಬ್ಬಿಯಲ್ಲಿ ಕೂತೆವು. ತರಕಾರಿ ಬುಟ್ಟಿ, ಆಫೀಸ್ ಬ್ಯಾಗು, ಕಾಲೇಜು ಹುಡುಗಿಯರು, ಕಿವಿಯೋಲೆ ಮಾರುವವಳು. ಎಲ್ಲರೂ ಜೋರಾಗಿ ಮಾತಾಡುತ್ತಿದ್ದರು. ಎದುರಿಗಿದ್ದ ಹೆಂಗಸು ನಮ್ಮ ಭಾಷೆ ಯಾವುದು ಅಂತ ಕೇಳಿ, ಕನ್ನಡ ಅಂದಾಗ ಅಕ್ಕನ ಕೈಗೆ ಒಂದು ಹಿಡಿ ಬೋರೆಹಣ್ಣು ಹಾಕಿದಳು. ತಾನು ಮಾತ್ರ ತಿನ್ನಲಿಲ್ಲ. ಸರಸ್ವತಿ ಪೂಜೆ ಆಗುವ ತನಕ ಇಲ್ಲಿ ಬೋರೆಹಣ್ಣು ಬಾಯಿಗಿಡಬಾರದಂತೆ. ಪೂಜೆಗೆ ಕೆಲವೇ ದಿನ ಉಳಿದಿತ್ತು. ಸೋದೆಪುರದ ರಸ್ತೆ ಬದಿಯಲ್ಲಿ ಇನ್ನೂ ಬಣ್ಣ ಕಾಣದ ಮಣ್ಣಿನ ಸರಸ್ವತಿಯರು ಸಾಲಾಗಿ ಬಿಸಿಲು ಕಾಯಿಸುತ್ತಿದ್ದರು. ಬಂಗಾಳದಲ್ಲಿ ಮಕ್ಕಳ ಅಕ್ಷರಾಭ್ಯಾಸವೂ ಅದೇ ದಿನ. ಅದಕ್ಕೆ 'ಹಾತೇಖಡಿ' ಅನ್ನುತ್ತಾರೆ, ಅಂದರೆ ಕೈಗೆ ಬಳಪ.

ಟೋಟೋ, ಅಂದರೆ ಬ್ಯಾಟರಿ ರಿಕ್ಷಾ, ಹಿಡಿದು ಪಾನಿಹಾಟಿಗೆ. ಗಂಗೆಯ ದಡದ ಹಳೇ ಊರು. ಇಲ್ಲಿನ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ರೊಕೆಯಾರ ಸಮಾಧಿ ಇದೆ. ಬಹಳ ವರ್ಷ ಜನ ಅದನ್ನು ಮರೆತೇಬಿಟ್ಟಿದ್ದರು. ಇತಿಹಾಸಕಾರ ಅಮಲೇಂದು ದೇ ಹುಡುಕಿ ಗುರುತಿಸಿದ ಮೇಲೆ ಮತ್ತೆ ಬೆಳಕಿಗೆ ಬಂತು.

ಗೇಟಿನಲ್ಲಿ ನಾವು ಕರ್ನಾಟಕದವರು, ನಾನೂ ಟೀಚರ್ ಅಂತ ಹೇಳಿದೆ. ಊಟದ ಬಿಡುವಿನಲ್ಲಿ ಒಳಗೆ ಬಿಟ್ಟರು. ದೊಡ್ಡ ಗೋರಿ, ಗುಮ್ಮಟ ಏನೂ ಇಲ್ಲ. ಬಂಗಾಳಿಯಲ್ಲಿ ಕೆತ್ತಿದ ಫಲಕ, ಅಷ್ಟೇ. ಅದರ ಹತ್ತಿರವೇ ನಾಲ್ಕು ಹುಡುಗಿಯರು ಕುಕ್ಕರಗಾಲಲ್ಲಿ ಕೂತು ಅಲ್ಪನಾ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದರು. ನಮ್ಮ ರಂಗೋಲಿ ಇದ್ದ ಹಾಗೆ, ಆದರೆ ಪುಡಿಯಲ್ಲಲ್ಲ. ಅಕ್ಕಿಹಿಟ್ಟಿನ ನೀರಲ್ಲಿ ಬಟ್ಟೆ ಅದ್ದಿ, ಬೆರಳ ತುದಿಯಿಂದ ಇಳಿಸುವುದು. ಅಕ್ಕ ನೋಡುತ್ತಾ ನಿಂತಳು. ಆಮೇಲೆ ಮಂಡಿನೋವು ಮರೆತು ಅವರ ಪಕ್ಕದಲ್ಲೇ ಕೂತಳು. ಒಬ್ಬ ಹುಡುಗಿ ಬಟ್ಟೆಯ ಚೂರು ಕೊಟ್ಟಳು. ಅಕ್ಕ ಒಂದು ಬಳ್ಳಿ ಎಳೆದಳು. ಹುಡುಗಿ ಅದಕ್ಕೊಂದು ಎಲೆ ಸೇರಿಸಿದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ.

1932ರ ಡಿಸೆಂಬರ್ 9ರ ಬೆಳಗಿನ ಜಾವ ರೊಕೆಯಾ ತೀರಿಕೊಂಡರು. ಅವರ ಹುಟ್ಟಿದ ದಿನವೆಂದು ಜನ ಆಚರಿಸುವುದೂ ಅದೇ ತಾರೀಖನ್ನು. ಹಿಂದಿನ ರಾತ್ರಿ ತನಕ ಬರೆಯುತ್ತಿದ್ದರು. ಮೇಜಿನ ಮೇಲೆ ಅರ್ಧಕ್ಕೆ ನಿಂತ ಲೇಖನ ಸಿಕ್ಕಿತು. 'ನಾರೀರ್ ಅಧಿಕಾರ್' ಅಂತ ತಲೆಬರಹ. ಹೆಣ್ಣಿನ ಹಕ್ಕು.

ಬೆಲ್ ಹೊಡೆಯಿತು. ಹುಡುಗಿಯರು ಕೈ ಒರೆಸಿಕೊಂಡು ಓಡಿದರು. ಅಕ್ಕ ಏಳುವಾಗ ಫಲಕದ ಕಟ್ಟೆಗೆ ಕೈ ಊರಿ ಎದ್ದಳು. ಅವಳ ಐದು ಬೆರಳಿನ ಬಿಳಿ ಗುರುತು ಅಲ್ಲಿ ಉಳಿಯಿತು. ಒರೆಸಲು ಹೋದಳು. ಬೇಡ ಇರಲಿ ಅಂದೆ.

ರಾತ್ರಿ ಭಾಗಲ್‌ಪುರದ ರೈಲು. ಮಲಗುವ ಮೊದಲು ಅಕ್ಕನಿಗೆ ಇನ್ನೊಂದು ವಿಷಯ ಹೇಳಿದೆ, ಸ್ವಲ್ಪ ಅಳುಕಿನಿಂದಲೇ. ರೊಕೆಯಾ ಇಪ್ಪತ್ತನ್ನು ದಾಟಿದ ಹೊಸತರಲ್ಲೇ ಬರೆದ ಪ್ರಬಂಧವೊಂದರಲ್ಲಿ ಒಡವೆಗಳನ್ನು ದಾಸ್ಯದ ಗುರುತು ಅಂದಿದ್ದಾರೆ. ಕೈದಿಗೆ ಕಬ್ಬಿಣದ ಬೇಡಿ, ನಮಗೆ ಚಿನ್ನದ್ದು. ಎತ್ತಿಗೆ ಮೂಗುದಾರ, ನಮಗೆ ಮೂಗಿನ ನತ್ತು. ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮೂಗುದಾರ, ಮೂಗುತಿ ಎರಡೂ ಪಕ್ಕಪಕ್ಕದಲ್ಲೇ ಇವೆ.

ಅಕ್ಕ ತನ್ನ ಮೂಗುಬೊಟ್ಟು ಮುಟ್ಟಿ ನೋಡಿಕೊಂಡಳು. "ಇದು ಅವ್ವನ್ದು. ನಾ ತಗಿಯಂಗಿಲ್ಲ," ಅಂದಳು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಮತ್ತೆ ಅವಳ ದನಿ ಬಂತು. "ಆದ್ರ ಆಕಿ ಹೇಳಿದ್ದು ಖರೆ ಐತಿ."

ಐದನೇ ದಿನ

ಮಂಜು. ರೈಲು ನಾಲ್ಕು ಗಂಟೆ ತಡ. ಭಾಗಲ್‌ಪುರದಲ್ಲಿ ಇಳಿದಾಗ ಎದುರಿನ ಮನುಷ್ಯ ಕಾಣುತ್ತಿರಲಿಲ್ಲ. ಫೋನಿನಲ್ಲೇ ಗೊತ್ತುಮಾಡಿದ್ದ ಲಾಡ್ಜಿನವರು, ಗಂಡಸರು ಜೊತೆಗಿಲ್ಲದಿದ್ದರೆ ರೂಮು ಕೊಡಲ್ಲ ಅಂದರು. 68 ವರ್ಷದ ಅಕ್ಕ ಚಳಿಯಲ್ಲಿ ನಡುಗುತ್ತಾ ನಿಂತಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಂದು ಕಡೆ ಏನೂ ಕೇಳದೆ ಕೀ ಕೊಟ್ಟರು, ಬಿಸಿನೀರೂ ಕೊಟ್ಟರು.

ಭಾಗಲ್‌ಪುರ ಅಂದರೆ ಟಸ್ಸರ್ ರೇಷ್ಮೆ. ನಮ್ಮ ರಾಮನಗರದ್ದು ಹಿಪ್ಪುನೇರಳೆ ತಿನ್ನುವ ಹುಳುವಿನ ರೇಷ್ಮೆ. ಇವರದು ಕಾಡಿನ ಮರದ ಎಲೆ ತಿನ್ನುವ ಹುಳುವಿನದು. ಹೊಳಪು ಕಡಿಮೆ, ಬಣ್ಣ ಒಣಹುಲ್ಲಿನ ಹಾಗೆ. ಅಕ್ಕ ಬೆರಳ ಮಧ್ಯೆ ಸೆರಗು ಉಜ್ಜಿ ನೋಡಿ, "ಒರಟು ಐತಿ, ಆದ್ರ ಬಾಳಕಿ ಬರ್ತೈತಿ," ಅಂದಳು.

ಮದುವೆಯಾಗಿ ರೊಕೆಯಾ ಬಂದದ್ದು ಈ ಊರಿಗೆ. ಆಗಿನ್ನೂ ಹದಿಹರೆಯ. ಗಂಡ ಸೈಯದ್ ಸಖಾವತ್ ಹುಸೇನ್ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಮೊದಲ ಹೆಂಡತಿಯನ್ನು ಕಳೆದುಕೊಂಡವರು, ವಯಸ್ಸಿನಲ್ಲಿ ಬಹಳ ದೊಡ್ಡವರು. ಉರ್ದು ಮನೆಮಾತು. ಇಲ್ಲಿ ರೊಕೆಯಾಗೆ ಬಂಗಾಳಿಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ಹದಿನಾಲ್ಕು ವರ್ಷ ಭಾಗಲ್‌ಪುರದಲ್ಲಿದ್ದೂ ಬಂಗಾಳಿ ಮರೆಯದೇ ಉಳಿದದ್ದು ನಿನ್ನ ಆಶೀರ್ವಾದದಿಂದ ಅಂತ ಮುಂದೆ ಒಂದು ಪುಸ್ತಕವನ್ನು ಅಕ್ಕ ಕರೀಮುನ್ನೀಸಾಗೆ ಅರ್ಪಿಸಿದರು. ಹೊರದೇಶದಲ್ಲಿ ಮಕ್ಕಳ ಮನೆಯಲ್ಲಿ ಕನ್ನಡಕ್ಕೆ ಬಾಯಿ ಒಣಗಿ ಕೂತ ಎಷ್ಟು ತಾಯಂದಿರನ್ನು ನಾವು ನೋಡಿಲ್ಲ? ಈಕೆ ಆ ಮೌನದಲ್ಲೇ ಕೂತು ಬಂಗಾಳಿ ಗದ್ಯ ಬರೆದರು.

ಗಂಡ ಓದಲು, ಬರೆಯಲು ಉತ್ತೇಜನ ಕೊಟ್ಟರು. ಅದನ್ನು ಮನಸಾರೆ ಒಪ್ಪಬೇಕು. ಹೆಣ್ಣುಮಕ್ಕಳ ಶಾಲೆಗೆಂದೇ 10,000 ರೂಪಾಯಿ ತೆಗೆದಿಟ್ಟರು, ಆ ಕಾಲಕ್ಕೆ ದೊಡ್ಡ ದುಡ್ಡು. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಹಸುಗೂಸಾಗಿದ್ದಾಗಲೇ ತೀರಿಕೊಂಡರು. 1909ರ ಮೇ 3ರಂದು ಗಂಡನೂ ಹೋದರು. ಐದು ತಿಂಗಳಿಗೆ, ಅಕ್ಟೋಬರ್ 1ರಂದು, ಇದೇ ಊರಿನಲ್ಲಿ ಐದು ಹುಡುಗಿಯರನ್ನು ಕೂರಿಸಿಕೊಂಡು ರೊಕೆಯಾ ಶಾಲೆ ತೆರೆದರು. ಆಸ್ತಿ ವಿಷಯಕ್ಕೆ ಮಲಮಗಳ ಮನೆಯವರ ಜೊತೆ ಮನಸ್ತಾಪವಾಗಿ 1910ರಲ್ಲಿ ಊರೇ ಬಿಡಬೇಕಾಯಿತು. ಕಲಕತ್ತೆಗೆ ಹೋಗಿ ಮತ್ತೆ ಮೊದಲಿನಿಂದ ಶುರು.

ಇನ್ನೊಂದು ಮಾತು. ಕಾದಂಬಿನಿ ಗಂಗೂಲಿ ಹುಟ್ಟಿದ್ದೂ ಭಾಗಲ್‌ಪುರದಲ್ಲೇ, 1861ರಲ್ಲಿ. ನಮ್ಮ ದೇಶದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಡಾಕ್ಟರೂ ಆದವರು. ಅವರ ತಂದೆ ಇಲ್ಲಿ ಹೆಡ್‌ಮಾಸ್ಟರಾಗಿದ್ದರು. ಟಸ್ಸರ್ ಅಂಗಡಿಯವರಿಗೆ ಈ ಇಬ್ಬರ ಹೆಸರೂ ಹೇಳಿದೆ. ಅವರು ಕುತೂಹಲದಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಆರನೇ ದಿನ

ಬಿಸಿಲು ಬಂತು. ಗಂಗೆಯ ದಡದಲ್ಲಿ ಚೂಡಾ, ಮೊಸರು ತಿಂದು ಅರ್ಧ ದಿನ ಕೂತೆವು. ನಮ್ಮ ಮೊಸರವಲಕ್ಕಿಯೇ, ಬೆಲ್ಲ ಜಾಸ್ತಿ.

ಅಲ್ಲಿ ಅಕ್ಕನಿಗೆ 'ಸುಲ್ತಾನಾಸ್ ಡ್ರೀಮ್' ಹೇಳಿದೆ. ಗಂಡ ಕೆಲಸದ ಮೇಲೆ ಪ್ರವಾಸ ಹೋಗಿದ್ದಾಗ, ಹೊತ್ತು ಹೋಗಲಿ ಅಂತ ರೊಕೆಯಾ ಇಂಗ್ಲಿಷಿನಲ್ಲಿ ಬರೆದ ಕಥೆ. ಅವರು ವಾಪಸು ಬಂದವರೇ ನಿಂತುಕೊಂಡೇ ಪೂರ್ತಿ ಓದಿ, ಭಯಂಕರ ಸೇಡು ತೀರಿಸಿಕೊಂಡಿದ್ದೀಯ ಅಂದರಂತೆ. ಅದು ಅಚ್ಚಾಗಿದ್ದು ನಮ್ಮ ದಕ್ಷಿಣದಲ್ಲೇ. 1905ರಲ್ಲಿ, ಮದ್ರಾಸಿನಿಂದ ಕಮಲಾ ಸತ್ಯನಾಥನ್ ಹೊರಡಿಸುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಝೀನ್' ಪತ್ರಿಕೆಯಲ್ಲಿ.

ಆ ಕಥೆಯ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಹೆಣ್ಣುಮಕ್ಕಳಿಗೆ 21 ತುಂಬದೆ ಮದುವೆಯಿಲ್ಲ. ಹೆಂಗಸರ ವಿಶ್ವವಿದ್ಯಾಲಯಗಳಿವೆ. ಒಂದು ಕಡೆಯವರು ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ. ಇನ್ನೊಂದು ಕಡೆಯವರು ಸೂರ್ಯನ ಶಾಖ ಹಿಡಿದಿಡುತ್ತಾರೆ. ಶತ್ರುಸೈನ್ಯ ಬಂದಾಗ ಆ ಶಾಖವನ್ನೇ ಅವರ ಮೇಲೆ ತಿರುಗಿಸಿ ಓಡಿಸುತ್ತಾರೆ. ಜನ ಗಾಳಿಯಲ್ಲಿ ಹಾರುವ ಗಾಡಿಯಲ್ಲಿ ಓಡಾಡುತ್ತಾರೆ. ಅಂಗಳ ದಾಟಲು ಅಪ್ಪಣೆ ಬೇಕಿದ್ದ ಮನೆಯಲ್ಲಿ ಬೆಳೆದವರು ಹಾರುವ ಗಾಡಿ ಬರೆದರು. ಅಡುಗೆಗೂ ಬಿಸಿಲೇ. ತರಕಾರಿ ತೋಟದ ನಡುವೆ ಅಡುಗೆಮನೆ. ಬೆಂಕಿಯಿಲ್ಲ, ಇದ್ದಿಲಿಲ್ಲ.

ಯುದ್ಧದ ಕಥೆಗೆ ಅಕ್ಕ ಹೂಂಗುಟ್ಟಿದ್ದಳು ಅಷ್ಟೇ. ಇಲ್ಲಿ ನನ್ನನ್ನು ತಡೆದಳು.

"ಹೊಗಿ ಇಲ್ಲೇನು?"

"ಇಲ್ಲ."

"ಒಟ್ಟs ಇಲ್ಲ?"

"ಚಿಮಣಿನೂ ಇಲ್ಲ ಅಂತ ಬರದಾರ."

ಅಕ್ಕ ಮೂವತ್ತು ವರ್ಷ ಕಟ್ಟಿಗೆ ಒಲೆ ಊದಿದವಳು. ಕಣ್ಣಿನ ಆಪರೇಷನ್ ಆದಾಗ ಡಾಕ್ಟರು ಮೊದಲು ಕೇಳಿದ್ದೇ ಹೊಗೆಯ ಬಗ್ಗೆ. ಆಕೆ ಕಣ್ಣುಮುಚ್ಚಿ ಬಿಸಿಲಿಗೆ ಮುಖ ಒಡ್ಡಿದಳು. "ಅಡಗಿಮನಿ ಕಂಡಾಕೀನs ಬರದಾಳ ತಗೊ," ಅಂದಳು.

ಏಳನೇ ದಿನ

ಭಾಗಲ್‌ಪುರದಿಂದ ಪಟ್ನಾ. ಅಲ್ಲಿಂದ ಬೆಂಗಳೂರಿಗೆ ಸಂಘಮಿತ್ರ ಎಕ್ಸ್‌ಪ್ರೆಸ್. ಪಟ್ನಾ ದಾರಿಯನ್ನು ನಾನು ಬೇಕಂತಲೇ ಆರಿಸಿಕೊಂಡಿದ್ದೆ. ನಡುವೆ ಕಿಊಲ್ ಜಂಕ್ಷನ್ ಬರುತ್ತದೆ.

ಜಮಾಲ್‌ಪುರದ ಹತ್ತಿರ ರೈಲು ಸುರಂಗಕ್ಕೆ ನುಗ್ಗಿತು. ಡಬ್ಬಿಯಲ್ಲಿ ದೀಪ ಇರಲಿಲ್ಲ. ಗವ್ವನೆ ಕತ್ತಲು. ಎಲ್ಲೋ ಒಂದು ಮಗು ಕಿರುಚಿತು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಬೆಳಕು ಬಂದ ಮೇಲೆ, "ಆ ಬಸ್ಸು ಹಿಂಗs ಇತ್ತೇನು?" ಅಂತ ಕೇಳಿದಳು. ಹೌದು, ದಿನಾ ಹೀಗೆ, ಮನೆಯಿಂದ ಶಾಲೆ ತನಕ ಅಂದೆ.

ಕಿಊಲ್ ಘಟನೆಯೂ ಆ 47ರಲ್ಲಿ ಒಂದು. ರೊಕೆಯಾರ ಗಂಡನ ಕಡೆಯಿಂದ ದೂರದ ಸಂಬಂಧದ ಅತ್ತೆಯೊಬ್ಬರು ಭಾಗಲ್‌ಪುರದಿಂದ ಪಟ್ನಾಕ್ಕೆ ಹೊರಟಿದ್ದರು. ನಾವು ಹೋಗುತ್ತಿದ್ದ ಇದೇ ದಾರಿ. ಜೊತೆಗೆ ಒಬ್ಬ ಕೆಲಸದಾಕೆ ಮಾತ್ರ. ಕಿಊಲ್‌ನಲ್ಲಿ ರೈಲು ಬದಲಿಸುವಾಗ ಬುರ್ಖಾ ಕಾಲಿಗೆ ತೊಡರಿ ಹಳಿಗಳ ಮೇಲೆ ಬಿದ್ದರು. ಎತ್ತಲು ಕೂಲಿಗಳು ಓಡಿಬಂದರು. ಕೆಲಸದಾಕೆ ತಡೆದಳು. ಯಾರೂ ಮುಟ್ಟಬೇಡಿ, ಬೀಬಿ ಸಾಹೇಬರ ಮೈ ಮುಟ್ಟಬೇಡಿ. ಒಬ್ಬಳೇ ಎಳೆದಳು, ಆಗಲಿಲ್ಲ. ರೈಲು ಅರ್ಧ ಗಂಟೆ ಕಾಯಿತು. ಆಮೇಲೆ ಹೊರಟಿತು. ಸ್ಟೇಷನ್ ತುಂಬಾ ಜನ ನೋಡುತ್ತಾ ನಿಂತಿದ್ದರು. ಜಜ್ಜಿಹೋದ ಆ ಹೆಂಗಸು ಹನ್ನೊಂದು ಗಂಟೆ ನರಳಿ ಸತ್ತರು.

ಈ ಕಥೆಯನ್ನು ಅಕ್ಕನಿಗೆ ಮುಂಚೆಯೇ ಹೇಳಬಾರದು ಅಂದುಕೊಂಡಿದ್ದೆ. ಕಿಊಲ್ ಹತ್ತಿರವಾಗುವಾಗ ಹೇಳಿದೆ. ಅವಳು ಏನೂ ಅನ್ನಲಿಲ್ಲ. ರೈಲು ನಿಂತಾಗ, "ಇದs ಏನು?" ಅಂತ ಮಾತ್ರ ಕೇಳಿ, ಇಳಿಯಲು ಎದ್ದಳು.

ಬೇಡ ಅಂದರೂ ಕೇಳಲಿಲ್ಲ. ನಾನೂ ಹಿಂದೆ ಇಳಿದೆ. ಪ್ಲಾಟ್‌ಫಾರಂ ಅಂಚಿಗೆ ಹೋಗಿ ಪಕ್ಕದ ಹಳಿಗಳನ್ನು ನೋಡುತ್ತಾ ನಿಂತಳು. ಕರೀ ಎಣ್ಣೆ ಹಿಡಿದ ಜಲ್ಲಿಕಲ್ಲು, ಟೀ ಕುಡಿದು ಎಸೆದ ಒಂದು ಒಡೆದ ಮಣ್ಣಿನ ಲೋಟ. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೈಮುಗಿದಳು. ನಮ್ಮ ಕಡೆ ಸತ್ತವರ ಮನೆಗೆ ಹೋದಾಗ ನಿಲ್ಲುವ ಹಾಗೆ ನಿಂತಳು. ಆಮೇಲೆ ಎರಡು ಟೀ ತೆಗೆದುಕೊಂಡೆವು.

ದುಡ್ಡು ಕೊಡುವಷ್ಟರಲ್ಲಿ ರೈಲು ಕದಲಿತು. ನಾನು ಹೇಗೋ ಹತ್ತಿದೆ. ಅಕ್ಕನಿಗೆ ಮಂಡಿ ಎತ್ತಲಾಗಲಿಲ್ಲ. ಬಾಗಿಲ ಕಂಬಿ ಅವಳ ಕೈಗೆ ಸಿಕ್ಕು ಜಾರುತ್ತಿತ್ತು. ನನ್ನ ಹಿಂದಿನಿಂದ ಒಬ್ಬ ಹುಡುಗ ನುಗ್ಗಿ ಬಂದ. ಕಾಲೇಜು ವಯಸ್ಸು, ಕಿವಿಯಲ್ಲಿ ಇಯರ್‌ಫೋನ್. "ಮಾತಾಜಿ, ಹಾಥ್ ದೀಜಿಯೇ," ಅಂತ ಕೂಗಿ, ಬಗ್ಗಿ ಕೈ ಚಾಚಿದ. ಅಕ್ಕ ಟೀ ಲೋಟ ಎಸೆದು ಎರಡೂ ಕೈಯಿಂದ ಅವನ ಕೈ ಹಿಡಿದಳು. ಅವನು ಎಳೆದುಕೊಂಡ.

ಸೀಟಿನಲ್ಲಿ ಕೂತ ಮೇಲೂ ತುಂಬಾ ಹೊತ್ತು ಅವನ ಕೈ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.